ಜವಾನನೂ ಹೌದು, ಕಿಸಾನನೂ ಹೌದು... ಆದರೆ?

ಕಳೆದ ತಿಂಗಳು ನನ್ನ ಹಳೆಯ ಶಿಷ್ಯನೊಬ್ಬನಿಂದ ಮೊಬೈಲಿಗೆ ಒಂದು ಸಂದೇಶ ಬಂದಿತು. ಅವನೇ ಬರೆದುದಲ್ಲ, ಯಾರೋ ಬರೆದು, ಯಾರೋ ಕಳುಹಿಸಿ, ಕೈಯಿಂದ ಕೈಗೆ ದಾಟಿ ಬಂದದ್ದು. ಯುದ್ಧವಿಮಾನದ ಪಕ್ಕದಲ್ಲಿ ನಿಂತ ಬಿಳಿಯ ತರುಣನೊಬ್ಬನ ಚಿತ್ರ, ಅದರ ಕೆಳಗೆ ಹತ್ತು ಹನ್ನೆರಡು ಸಾಲುಗಳು. ಈತ ರೈತ, ಈತ ಎರಡನೆಯ ಮಹಾಯುದ್ಧದ ವೀರ ವೈಮಾನಿಕ, ಈತ ಆಳಿದಷ್ಟು ಕಾಲ ದೇಶವು ಆಫ್ರಿಕದ ಕಣಜವಾಗಿತ್ತು, ಈತನನ್ನು ಇಳಿಸಿ ಎಲ್ಲರಿಗೂ ಮತ ಕೊಟ್ಟ ಮೇಲೆ ಅದೇ ದೇಶ ಭಿಕ್ಷಾಪಾತ್ರೆ ಹಿಡಿಯಿತು ಎಂಬುದು ಅದರ ಸಾರಾಂಶ. ವ್ಯಕ್ತಿಯ ಹೆಸರು ಇಯಾನ್ ಸ್ಮಿತ್. ದೇಶ ಆಗಿನ ರೊಡೇಶಿಯ, ಈಗಿನ ಜಿಂಬಾಬ್ವೆ. ಕೊನೆಯಲ್ಲಿ ಶಿಷ್ಯ ತನ್ನದೇ ಮಾತನ್ನು ಸೇರಿಸಿದ್ದ: "ಸರ್, ಓದಿದವರಿಗೆ ಮತ್ತು ತೆರಿಗೆ ಕಟ್ಟುವವರಿಗೆ ಮಾತ್ರ ಓಟು ಇರಬೇಕು ಅನ್ನುವುದು ಇದಕ್ಕೇ. ನೀವು ಇತಿಹಾಸದ ಮೇಷ್ಟ್ರು, ಒಪ್ಪುತ್ತೀರಿ ತಾನೆ?"

ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಮೊಬೈಲಿನ ನಾಲ್ಕು ಸಾಲಿನಲ್ಲಿ ಹೇಳಲಾಗದ ಕಾರಣ ಇಲ್ಲಿ ಬರೆಯುತ್ತಿದ್ದೇನೆ. ಓದುಗ ಮಿತ್ರರು ಸ್ವಲ್ಪ ತಾಳ್ಮೆ ವಹಿಸಬೇಕು; ಮೂರೂವರೆ ದಶಕ ತರಗತಿಯಲ್ಲಿ ನಿಂತವನಿಗೆ ಪಾಠವನ್ನು ಮೊದಲಿನಿಂದ ಆರಂಭಿಸುವ ಅಭ್ಯಾಸ ಬಿಟ್ಟುಹೋಗುವುದಿಲ್ಲ.

೧೯೬೫ನೆಯ ಇಸವಿ. ನಾನಾಗ ಶಿಕ್ಷಕರ ತರಬೇತಿಯಲ್ಲಿದ್ದ ಇಪ್ಪತ್ತರ ಹುಡುಗ. ಪಾಕಿಸ್ತಾನದೊಡನೆ ಯುದ್ಧ ಮುಗಿದು ಕೆಲವೇ ವಾರಗಳಾಗಿದ್ದವು. ಒಂದು ಕಡೆ ಆಹಾರದ ಅಭಾವ, ಇನ್ನೊಂದು ಕಡೆ ಗಡಿಯ ಚಿಂತೆ. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 'ಜೈ ಜವಾನ್ ಜೈ ಕಿಸಾನ್' ಎಂದರು. ದೇಶವೇ ಅದನ್ನು ಪ್ರತಿಧ್ವನಿಸಿತು. ಅವರ ಕರೆಗೆ ಓಗೊಟ್ಟು ನಮ್ಮ ವಿದ್ಯಾರ್ಥಿನಿಲಯದಲ್ಲಿ ಸೋಮವಾರ ರಾತ್ರಿಯ ಊಟ ನಿಂತಿತ್ತು. ಹಸಿದ ಹೊಟ್ಟೆಯಲ್ಲಿ ರೇಡಿಯೊ ಸುತ್ತ ಕುಳಿತು ವಾರ್ತೆ ಕೇಳುತ್ತಿದ್ದ ಆ ದಿನಗಳಲ್ಲೇ, ನವೆಂಬರ್ ೧೧ರಂದು, ರೊಡೇಶಿಯದ ಪ್ರಧಾನಿ ಬ್ರಿಟನ್ನಿನ ಒಪ್ಪಿಗೆಯಿಲ್ಲದೆ ತನ್ನ ದೇಶ ಸ್ವತಂತ್ರವೆಂದು ಘೋಷಿಸಿದ ಸುದ್ದಿ ಬಂದಿತು. ನಾವು ಕೆಲವರು ಚಪ್ಪಾಳೆ ತಟ್ಟಿದೆವು! ಬ್ರಿಟಿಷರಿಂದ ಮತ್ತೊಂದು ದೇಶ ಬಿಡಿಸಿಕೊಂಡಿತೆಂಬ ಸಂತೋಷ ನಮ್ಮದು. ಮರುದಿನ ನಮ್ಮ ಗುರುಗಳೊಬ್ಬರು ಕೇಳಿದರು: "ಯಾರಿಂದ ಯಾರಿಗೆ ಸ್ವಾತಂತ್ರ್ಯ ಬಂತು ಎಂದು ವಿಚಾರಿಸಿದಿರಾ?" ವಿಚಾರಿಸಿರಲಿಲ್ಲ. ಭಾರತ ಸರ್ಕಾರ ವಿಚಾರಿಸಿತ್ತು. ಸಾಲಿಸ್‌ಬರಿಯಲ್ಲಿದ್ದ ತನ್ನ ಕಚೇರಿಯನ್ನು ಮುಚ್ಚಿ ಆ ಸರ್ಕಾರವನ್ನು ಮಾನ್ಯ ಮಾಡಲು ನಿರಾಕರಿಸಿತು.

ಜವಾನನನ್ನೂ ಕಿಸಾನನನ್ನೂ ಗೌರವಿಸಬೇಕೆಂದು ಕಲಿತ ಪೀಳಿಗೆ ನಮ್ಮದು. ಎರಡೂ ತಾನೇ ಆಗಿದ್ದವನೊಬ್ಬ ಎದುರಿಗೆ ಬಂದರೆ ಕೈ ತಾನಾಗಿಯೇ ಮುಗಿಯುತ್ತದೆ. ಶಿಷ್ಯನ ಸಂದೇಶ ಕೆಲಸ ಮಾಡುವುದು ಇದೇ ಭಾವನೆಯ ಮೇಲೆ. ಆದ್ದರಿಂದ ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ: ಸ್ಮಿತ್ ಧೈರ್ಯಶಾಲಿ ಎಂಬುದು ಸುಳ್ಳಲ್ಲ.

ಆತ ಹುಟ್ಟಿದ್ದು ೧೯೧೯ರ ಏಪ್ರಿಲ್‌ನಲ್ಲಿ, ಸೆಲುಕ್ವೆ ಎಂಬ ಚಿಕ್ಕ ಗಣಿಯೂರಿನಲ್ಲಿ. ತಂದೆ ಸ್ಕಾಟ್‌ಲೆಂಡಿನಿಂದ ಬಂದು ಮಾಂಸದ ವ್ಯಾಪಾರ, ಗಣಿ, ದನಕರು ಎಂದು ನೆಲೆಯೂರಿದವನು. ಮಗ ದಕ್ಷಿಣ ಆಫ್ರಿಕದಲ್ಲಿ ವಾಣಿಜ್ಯಶಾಸ್ತ್ರ ಓದುತ್ತಿದ್ದಾಗ ಯುದ್ಧ ಆರಂಭವಾಯಿತು. ಬ್ರಿಟಿಷ್ ವಾಯುಪಡೆಗೆ ಸೇರಿದ. ೧೯೪೩ರಲ್ಲಿ ಈಜಿಪ್ಟಿನಲ್ಲಿ ಮೇಲೇರುತ್ತಿದ್ದ ಅವನ ಹರಿಕೇನ್ ವಿಮಾನ ಅಪಘಾತಕ್ಕೀಡಾಗಿ ಮುಖ ಜಜ್ಜಿಹೋಯಿತು. ಕೈರೋದ ಶಸ್ತ್ರವೈದ್ಯರು ಆ ಮುಖವನ್ನು ಮರಳಿ ಕಟ್ಟಿದರು. ಮುಂದೆ ಜಗತ್ತು ಕಂಡ ಅವನ ನಿರ್ವಿಕಾರ, ಬಿಗಿದ ಮುಖಭಾವಕ್ಕೆ ಈ ಅಪಘಾತವೇ ಕಾರಣ. ಮನೆಗೆ ಹೋಗಬಹುದಾಗಿದ್ದವನು ಮರಳಿ ವಿಮಾನವೇರಿದ. ೧೯೪೪ರ ಜೂನ್‌ನಲ್ಲಿ ಉತ್ತರ ಇಟಲಿಯ ಪೋ ಕಣಿವೆಯಲ್ಲಿ ದಾಳಿ ನಡೆಸುತ್ತಿದ್ದಾಗ ಜರ್ಮನರ ಗುಂಡು ತಗುಲಿ ಅವನ ಸ್ಪಿಟ್‌ಫೈರ್ ಉರುಳಿತು. ಅವನು ಧುಮುಕುಕೊಡೆ ಬಿಚ್ಚಿ ಶತ್ರುನೆಲಕ್ಕೆ ಇಳಿದ.

ಇಲ್ಲಿಂದ ಮುಂದಿನ ಐದು ತಿಂಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಏಕೆಂದರೆ ನನ್ನ ವಾದದ ಬೇರು ಅಲ್ಲಿದೆ. ಲಿಗೂರಿಯಾದ ಬೆಟ್ಟಗಳ ಬಡ ರೈತಕುಟುಂಬವೊಂದು ಅವನನ್ನು ಬಚ್ಚಿಟ್ಟು ಕಾಪಾಡಿತು. ಪರದೇಶದ ಸೈನಿಕನಿಗೆ ಅನ್ನ ಕೊಟ್ಟದ್ದು ಜರ್ಮನರಿಗೆ ತಿಳಿದಿದ್ದರೆ ಮನೆ ಸುಟ್ಟುಹೋಗುತ್ತಿತ್ತು, ಪ್ರಾಣವೂ ಹೋಗುತ್ತಿತ್ತು. ಆಮೇಲೆ ಅವನು ಕಾಡಿನಲ್ಲಿದ್ದ ಇಟಲಿಯ ಪ್ರತಿರೋಧ ಹೋರಾಟಗಾರರ ಜೊತೆ ಸೇರಿದ. ಅವರು ಸಮವಸ್ತ್ರದ ಸೈನಿಕರಲ್ಲ; ರಾತ್ರಿ ಸೇತುವೆ ಕೆಡಹಿ, ಬೆಳಗಾಗುವುದರೊಳಗೆ ಹಳ್ಳಿಗರ ನಡುವೆ ಕರಗಿಹೋಗುವ ಗೆರಿಲ್ಲಾಗಳು. ಜರ್ಮನರ ಬಾಯಲ್ಲಿ ಅವರು ಡಕಾಯಿತರು. ಸ್ಮಿತ್ ಅವರ ಜೊತೆ ಬಾಳಿದ, ಅವರ ಭಾಷೆ ಕಲಿತ, ಕೊನೆಗೆ ಹಿಮದ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ದಾಟಿ ಫ್ರಾನ್ಸಿನಲ್ಲಿದ್ದ ಮಿತ್ರಸೈನ್ಯವನ್ನು ಸೇರಿದ. ಇದೆಲ್ಲವೂ ನಿಜ, ಮೆಚ್ಚತಕ್ಕದ್ದು. ನಾನೂ ಮೆಚ್ಚುತ್ತೇನೆ.

ಯುದ್ಧ ಮುಗಿಯಿತು. ೧೯೪೮ರಲ್ಲಿ ಸ್ಮಿತ್ ತನ್ನ ಹುಟ್ಟೂರಿನ ಬಳಿ ಸುಮಾರು ೩,೬೦೦ ಎಕರೆ ಭೂಮಿ ಕೊಂಡು, ಅಲ್ಲಿ ಹರಿಯುವ ತೊರೆಯ ಹೆಸರಿನಿಂದ ಅದನ್ನು ಗ್ವೆನೋರೋ ಎಂದು ಕರೆದ. ದನ ಸಾಕಿದ, ಹೊಗೆಸೊಪ್ಪು ಮತ್ತು ಮೆಕ್ಕೆಜೋಳ ಬೆಳೆದ. ಅದೇ ವರ್ಷ ಮದುವೆ, ಅದೇ ವರ್ಷ ಇಪ್ಪತ್ತೊಂಬತ್ತರ ಪ್ರಾಯದಲ್ಲಿ ಶಾಸನಸಭೆಯ ಸದಸ್ಯತ್ವ.

ಮೂರು ಸಾವಿರದ ಆರುನೂರು ಎಕರೆ! ನಮ್ಮ ತಂದೆ ಎರಡು ಎಕರೆಯ ಗೇಣಿದಾರರು. ಆ ಸಂಖ್ಯೆಯನ್ನು ಕೇಳಿದಾಗ ನನಗೆ ಮೊದಲು ಬರುವ ಪ್ರಶ್ನೆ, ಅದಕ್ಕೆ ಮುಂಚೆ ಆ ನೆಲದ ಮೇಲೆ ಯಾರಿದ್ದರು ಎಂಬುದು. ಆ ದೇಶದಲ್ಲಿ ೧೯೩೦ರಲ್ಲೇ ಭೂಹಂಚಿಕೆಯ ಕಾಯಿದೆಯೊಂದು ಬಂದಿತ್ತು. ಒಟ್ಟು ಸುಮಾರು ೯.೬ ಕೋಟಿ ಎಕರೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ನೆಲ ಬಿಳಿಯರಿಗೆ. ಆಗ ಅವರ ಸಂಖ್ಯೆ ಸುಮಾರು ಐವತ್ತು ಸಾವಿರ. ಹತ್ತು ಲಕ್ಷದಷ್ಟಿದ್ದ ಕರಿಯ ಜನರಿಗೆ ಅದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಬಿಳಿಯರ ಪಾಲಿಗೆ ಒಳ್ಳೆಯ ಮಣ್ಣು, ಮಳೆ ಬೀಳುವ ಎತ್ತರದ ನೆಲ, ರೈಲುಹಾದಿ. ಕರಿಯರ ಪಾಲಿಗೆ ಹೆಚ್ಚಾಗಿ ಮರಳುಮಣ್ಣು, ಒಣಸೀಮೆ. ೧೯೩೧ರ ಮೆಕ್ಕೆಜೋಳದ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಮೂಲಕ ಬಿಳಿಯ ರೈತನ ಜೋಳಕ್ಕೆ ಮೇಲಿನ ಬೆಲೆ, ಕರಿಯ ರೈತನ ಜೋಳಕ್ಕೆ ಕೆಳಗಿನ ಬೆಲೆ ಎಂಬ ವ್ಯವಸ್ಥೆಯೂ ಬಂದಿತು. ಪರೀಕ್ಷೆಯಲ್ಲಿ ಒಬ್ಬನಿಗೆ ಪುಸ್ತಕ ತೆರೆದುಕೊಟ್ಟು, ಇನ್ನೊಬ್ಬನ ಕೈಯಿಂದ ಲೇಖನಿಯನ್ನೂ ಕಿತ್ತುಕೊಂಡು, ಆಮೇಲೆ ಅಂಕಪಟ್ಟಿ ತೋರಿಸಿ "ನೋಡಿ, ಇವನು ಜಾಣ" ಎಂದರೆ ಯಾವ ಮೇಷ್ಟರೂ ಒಪ್ಪಲಾರ.

'ಆಫ್ರಿಕದ ಕಣಜ' ಎಂಬ ಮಾತಿಗೆ ಇಲ್ಲಿಯೇ ಉತ್ತರಿಸುತ್ತೇನೆ. ಬಿಳಿಯ ರೈತರು ಶ್ರಮಪಟ್ಟರು, ಚೆನ್ನಾಗಿ ಬೆಳೆದರು, ಅಲ್ಲಗಳೆಯುವುದಿಲ್ಲ. ಆದರೆ ೧೯೮೦ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಸಣ್ಣ ಹಿಡುವಳಿಯ ಕರಿಯ ರೈತರಿಗೆ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಸಾಲ, ಬೀಜ, ಗೊಬ್ಬರ, ಖರೀದಿ ಕೇಂದ್ರ ದೊರೆತವು. ಐದಾರು ವರ್ಷಗಳೊಳಗೆ ಮಾರುಕಟ್ಟೆಗೆ ಬರುವ ಮೆಕ್ಕೆಜೋಳದಲ್ಲಿ ಸುಮಾರು ಅರ್ಧ ಅವರದೇ ಆಯಿತು. ಬೇಸಾಯ ಬರುವುದಿಲ್ಲವೆಂದು ಹೇಳಿಸಿಕೊಂಡಿದ್ದ ಕೈಗಳು ಅವು. ನಮ್ಮಲ್ಲೂ ೧೯೭೪ರ ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರ ಬಗ್ಗೆ ಇದೇ ಮಾತು ಕೇಳಿಬರುತ್ತಿತ್ತು: ಇವರಿಗೆ ಭೂಮಿ ಕೊಟ್ಟರೆ ಹಾಳುಗೆಡವುತ್ತಾರೆ ಎಂದು. ಅದುವರೆಗೆ ಆ ಭೂಮಿಯನ್ನು ಉತ್ತವರು ಯಾರೆಂದು ಕೇಳಿದರೆ ಉತ್ತರವಿರುತ್ತಿರಲಿಲ್ಲ.

ಇನ್ನು ಜವಾನನ ಮಾತು. ಸ್ಮಿತ್ ತನ್ನ ಸ್ವಾತಂತ್ರ್ಯಘೋಷಣೆಗೆ ನವೆಂಬರ್ ೧೧ ಎಂಬ ದಿನವನ್ನು ಒಪ್ಪಿಸಿದ. ಅದು ಮೊದಲ ಮಹಾಯುದ್ಧ ನಿಂತ ದಿನ, ಬ್ರಿಟಿಷ್ ಸಾಮ್ರಾಜ್ಯ ತನ್ನ ಹುತಾತ್ಮರನ್ನು ನೆನೆಯುವ ದಿನ. ನಾವು ನಿಮಗಾಗಿ ರಕ್ತ ಸುರಿಸಿದವರು ಎಂಬ ಸೂಚನೆ ಅದರಲ್ಲಿತ್ತು. ಸರಿ, ಆದರೆ ರೊಡೇಶಿಯದಿಂದ ಯುದ್ಧಕ್ಕೆ ಹೋದವರು ಬಿಳಿಯರು ಮಾತ್ರವೇ? 'ರೊಡೇಶಿಯನ್ ಆಫ್ರಿಕನ್ ರೈಫಲ್ಸ್' ಎಂಬ ಕರಿಯ ಸೈನಿಕರ ಪಡೆ ಬರ್ಮಾದ ಕಾಡುಗಳಲ್ಲಿ ಜಪಾನೀಯರ ವಿರುದ್ಧ ಹೋರಾಡಿತು. ನಮ್ಮ ಭಾರತೀಯ ಸೈನಿಕರು ಕಾದಾಡಿದ ರಣರಂಗವೇ ಅದು. ಯುದ್ಧದಿಂದ ಮರಳಿದ ಬಿಳಿಯ ಸೈನಿಕರು ನೆಲೆಸಲು ಸರ್ಕಾರ ಭೂಮಿಯ ಯೋಜನೆಗಳನ್ನು ಮಾಡಿತು. 'ಬಿಳಿಯರ ಪ್ರದೇಶ'ವೆಂದು ಗುರುತಾದ ನೆಲದಿಂದ ಸಾವಿರಾರು ಕರಿಯ ಕುಟುಂಬಗಳನ್ನು ಎಬ್ಬಿಸಿ ಕಳುಹಿಸಿತು. ಬರ್ಮಾದಿಂದ ಮರಳಿದ ಜವಾನನಿಗೆ ಸಿಕ್ಕಿದ್ದು ಇದು. ೧೯೫೧ರ ಮತ್ತೊಂದು ಕಾಯಿದೆ ಅವನು ಎಷ್ಟು ದನ ಸಾಕಬೇಕು, ಎಷ್ಟು ನೆಲ ಉಳಬೇಕು ಎಂಬುದಕ್ಕೂ ಮಿತಿ ಹಾಕಿತು.

ಸ್ಮಿತ್‌ನ ಸ್ವಾತಂತ್ರ್ಯಘೋಷಣೆಯ ಪತ್ರವನ್ನು ರಚಿಸಿದ್ದು ಅಮೆರಿಕದ ೧೭೭೬ರ ಘೋಷಣೆಯ ಮಾದರಿಯಲ್ಲಿ. ಮೂಲದ ಗತ್ತು, ಗಾಂಭೀರ್ಯ ಎಲ್ಲವೂ ಅದರಲ್ಲಿವೆ. ಬಿಟ್ಟುಹೋದದ್ದು ಎರಡೇ ವಿಚಾರ: ಮನುಷ್ಯರೆಲ್ಲರೂ ಸಮಾನರು ಎಂಬುದು ಒಂದು, ಆಳಿಸಿಕೊಳ್ಳುವವರ ಸಮ್ಮತಿಯಿಂದ ಮಾತ್ರ ಸರ್ಕಾರಕ್ಕೆ ಅಧಿಕಾರ ಬರುತ್ತದೆ ಎಂಬುದು ಇನ್ನೊಂದು. ನಕಲು ಮಾಡುವ ವಿದ್ಯಾರ್ಥಿ ಯಾವ ಸಾಲನ್ನು ಬಿಟ್ಟ ಎಂಬುದನ್ನು ನೋಡಿದರೆ ಅವನ ಮನಸ್ಸು ತಿಳಿಯುತ್ತದೆ.

ಈಗ ಶಿಷ್ಯನ ಮುಖ್ಯ ಪ್ರಶ್ನೆಗೆ ಬರೋಣ: ಓದಿದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ ಮತ. ರೊಡೇಶಿಯದಲ್ಲಿದ್ದದ್ದು ಇದೇ ವ್ಯವಸ್ಥೆ. ಕಾನೂನಿನ ಮೇಲುನೋಟಕ್ಕೆ ಬಣ್ಣದ ಮಾತಿರಲಿಲ್ಲ. ೧೯೬೧ರ ಸಂವಿಧಾನದಂತೆ ವರಮಾನ, ಆಸ್ತಿ, ವಿದ್ಯೆಗಳ ಅರ್ಹತೆಯ ಮೇಲೆ ಎರಡು ಮತದಾರರ ಪಟ್ಟಿಗಳು. ಮೇಲಿನ ಪಟ್ಟಿಗೆ ೫೦ ಸ್ಥಾನ, ಕೆಳಗಿನದಕ್ಕೆ ೧೫. ಮೇಲಿನ ಪಟ್ಟಿ ಬಹುತೇಕ ಪೂರ್ತಿಯಾಗಿ ಬಿಳಿಯರದು. ೧೯೬೫ರ ಮೇ ತಿಂಗಳ ಚುನಾವಣೆಯಲ್ಲಿ ಆ ಐವತ್ತನ್ನೂ ಸ್ಮಿತ್‌ನ ಪಕ್ಷವೇ ಗೆದ್ದಿತು.

ಹಾಗಾದರೆ ಓದಿ ಅರ್ಹತೆ ಪಡೆಯಬಹುದಿತ್ತಲ್ಲ ಎನ್ನುವಿರಾ? ಮೇಷ್ಟರಾಗಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ ಇದು. ಬಿಳಿಯ ಮಕ್ಕಳಿಗೆ ಶಿಕ್ಷಣ ಕಡ್ಡಾಯವಾಗಿತ್ತು. ಕರಿಯ ಮಕ್ಕಳಿಗೆ ಅಲ್ಲ. ೧೯೬೬ರಲ್ಲಿ ಸ್ಮಿತ್ ಸರ್ಕಾರ ರೂಪಿಸಿದ ಯೋಜನೆಯಂತೆ ಪ್ರಾಥಮಿಕ ಶಾಲೆ ಮುಗಿಸಿದ ಕರಿಯ ಮಕ್ಕಳಲ್ಲಿ ಶೇಕಡಾ ೧೨.೫ ಮಂದಿಗೆ, ಅಂದರೆ ಎಂಟರಲ್ಲಿ ಒಬ್ಬರಿಗೆ ಮಾತ್ರ, ಪೂರ್ಣ ಪ್ರೌಢಶಾಲೆಯ ಅವಕಾಶ. ಶಾಲೆಯ ಬಾಗಿಲಿಗೆ ಅಗುಳಿ ಹಾಕಿ, ಓದಿದವರಿಗೆ ಮಾತ್ರ ಮತವೆನ್ನುವುದು ಯಾವ ನ್ಯಾಯ? ಅರ್ಹತೆಯನ್ನು ನಿಗದಿ ಮಾಡುವವರ ಕೈಯಲ್ಲೇ ಅರ್ಹತೆಯ ದಾರಿಯೂ ಇರುವಾಗ ಆ ದಾರಿ ಎಂದೂ ಅಗಲವಾಗುವುದಿಲ್ಲ. ಕರಿಯ ಜನರ ಅಭಿಪ್ರಾಯವನ್ನು ನಿಜವಾಗಿ ಕೇಳಿದ್ದು ಒಮ್ಮೆ. ಬ್ರಿಟನ್ನಿನೊಡನೆ ಸ್ಮಿತ್ ಮಾಡಿಕೊಂಡ ಒಪ್ಪಂದದ ಬಗ್ಗೆ ತಿಳಿಯಲು ೧೯೭೨ರಲ್ಲಿ ಬಂದ ಪಿಯರ್ಸ್ ಆಯೋಗಕ್ಕೆ ಅವರು ಸ್ಪಷ್ಟವಾಗಿ 'ಬೇಡ' ಎಂದರು. ಹಾಗಿದ್ದೂ ೧೯೭೬ರಲ್ಲಿ ಸ್ಮಿತ್, ಬಹುಸಂಖ್ಯಾತ ಕರಿಯರ ಆಡಳಿತ ಸಾವಿರ ವರ್ಷವಾದರೂ ಬೇಡ ಎಂಬ ಅರ್ಥದ ಮಾತನ್ನು ರೇಡಿಯೊದಲ್ಲಿ ಆಡಿದ.

ಬಾಗಿಲುಗಳೆಲ್ಲ ಮುಚ್ಚಿದಾಗ ಯುವಕರು ಕಾಡು ಸೇರಿದರು. ೧೯೭೨ರ ಕೊನೆಯಿಂದ ಕದನ ತೀವ್ರವಾಯಿತು. ಈಗ ಲಿಗೂರಿಯಾದ ಆ ರೈತಕುಟುಂಬವನ್ನು ನೆನಪಿಸಿಕೊಳ್ಳಿ. ರೊಡೇಶಿಯದ ಹಳ್ಳಿಗಳಲ್ಲೂ ಬಡ ರೈತರು ಕಾಡಿನಿಂದ ಬಂದ ಹುಡುಗರಿಗೆ ಗಂಜಿ ಹಾಕಿದರು. ಕೆಲವರು ಅಭಿಮಾನದಿಂದ, ಕೆಲವರು ಭಯದಿಂದ. ಹಾಗೆ ಅನ್ನ ಹಾಕಿದವರಿಗೆ ಸ್ಮಿತ್ ಸರ್ಕಾರ ಮಾಡಿದ್ದೇನು? ೧೯೭೩ರ ಜನವರಿಯಿಂದ ಇಡೀ ಹಳ್ಳಿಗೇ ಸಾಮೂಹಿಕ ದಂಡ. ದಂಡದ ರೂಪದಲ್ಲಿ ದನಗಳನ್ನು ಹೊಡೆದುಕೊಂಡು ಹೋಗುವುದು. ಆಮೇಲೆ 'ರಕ್ಷಿತ ಗ್ರಾಮ'ಗಳೆಂಬ ಮುಳ್ಳುತಂತಿಯ ಆವರಣಗಳಿಗೆ ಲಕ್ಷಾಂತರ ಜನರ ಸ್ಥಳಾಂತರ. ಬೆಳಗ್ಗೆ ಗೇಟು ತೆರೆದರೆ ಹೊಲಕ್ಕೆ, ಸಂಜೆ ಕತ್ತಲಾಗುವ ಮುಂಚೆ ತಂತಿಯೊಳಕ್ಕೆ. ಆ ಹೋರಾಟಗಾರರನ್ನು ಅವನು ಕರೆದದ್ದು ಭಯೋತ್ಪಾದಕರೆಂದು. ಅವರಲ್ಲೂ ಕ್ರೌರ್ಯವಿತ್ತು, ಮಿಷನರಿಗಳನ್ನೂ ಹಳ್ಳಿಗರನ್ನೂ ಕೊಂದ ಪ್ರಕರಣಗಳಿವೆ. ಆದರೆ ಕಾಡಿನಲ್ಲಿ ಹೋರಾಡುವವನ ಕಷ್ಟವನ್ನೂ, ಅವನಿಗೆ ಉಣಿಸುವ ರೈತನ ಸಂಕಟವನ್ನೂ ತನ್ನ ಮೈಯಲ್ಲೇ ಅನುಭವಿಸಿದ್ದ ಒಬ್ಬ ಪ್ರಧಾನಿ ಆಫ್ರಿಕದಲ್ಲಿ ಇದ್ದಿದ್ದರೆ ಅದು ಈತನೇ. ಇಟಲಿಯ ರೈತನಲ್ಲಿ ಕಂಡ ಮನುಷ್ಯನನ್ನು ತನ್ನದೇ ಸೆಲುಕ್ವೆಯ ರೈತನಲ್ಲಿ ಅವನು ಕಾಣಲಿಲ್ಲ. ಅವನ ಶೌರ್ಯವನ್ನು ಒಪ್ಪುವ ನಾನು ಇದನ್ನು ಕ್ಷಮಿಸಲಾರೆ. ಯುದ್ಧ ಮುಗಿಯುವಷ್ಟರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಲ್ಲಿ ಬಹುಪಾಲು ಕರಿಯರು.

"ಆದರೆ ಮುಗಾಬೆ?" ಎಂದು ಶಿಷ್ಯ ಕೇಳುತ್ತಾನೆಂದು ಬಲ್ಲೆ. ಕೇಳಲಿ. ರಾಬರ್ಟ್ ಮುಗಾಬೆ ೧೯೮೦ರಲ್ಲಿ ಅಧಿಕಾರಕ್ಕೆ ಬಂದ. ೧೯೮೩ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಅವನ ಸೈನ್ಯ ಮಾಟಾಬೆಲೆಲ್ಯಾಂಡಿನಲ್ಲಿ ಸಾವಿರಾರು ನಿರಪರಾಧಿಗಳನ್ನು ಕೊಂದಿತು. ೨೦೦೦ದಿಂದ ಭೂಮಿಯನ್ನು ಕಾನೂನಿಲ್ಲದೆ ಕಿತ್ತುಕೊಂಡು ಬಹಳಷ್ಟನ್ನು ತನ್ನವರಿಗೆ ಹಂಚಿದ. ೨೦೦೯ರ ಹೊತ್ತಿಗೆ ನೂರು ಲಕ್ಷ ಕೋಟಿ ಡಾಲರಿನ ನೋಟು ಅಚ್ಚಾಯಿತು! ೨೦೧೭ರಲ್ಲಿ ಅವನ ಸೈನ್ಯವೇ ಅವನನ್ನು ಇಳಿಸಿತು. ಅವನ ಪರವಾಗಿ ವಾದಿಸಲು ನಾನು ಇಲ್ಲಿ ಕುಳಿತಿಲ್ಲ. ಆದರೆ ಒಂದು ಸಂಗತಿ ಗಮನಿಸಿ. ಸ್ಮಿತ್ ೧೯೬೫ರಲ್ಲಿ ತಂದ ತುರ್ತುಪರಿಸ್ಥಿತಿಯನ್ನು ಮುಗಾಬೆ ೧೯೯೦ರವರೆಗೂ ಮುಂದುವರಿಸಿದ. ಬಿಳಿಯರ ಸರ್ಕಾರ ೧೯೬೦ರಲ್ಲಿ ಮಾಡಿದ, ಸ್ಮಿತ್ ಯಥೇಚ್ಛವಾಗಿ ಬಳಸಿದ ದಮನದ ಕಾಯಿದೆ ೨೦೦೨ರವರೆಗೂ ಊರ್ಜಿತದಲ್ಲಿತ್ತು. ವಿಚಾರಣೆಯಿಲ್ಲದೆ ಬಂಧಿಸುವುದು ಹೇಗೆಂಬುದನ್ನು ಹತ್ತು ವರ್ಷ ಸ್ಮಿತ್‌ನ ಸೆರೆಯಲ್ಲಿದ್ದುಕೊಂಡೇ ಮುಗಾಬೆ ಕಲಿತ. ಅದೇ ಸೆರೆಯಲ್ಲಿದ್ದಾಗ ೧೯೬೬ರಲ್ಲಿ ಅವನ ಪುಟ್ಟ ಮಗ ಘಾನಾದಲ್ಲಿ ತೀರಿಕೊಂಡ. ಅಂತ್ಯಕ್ರಿಯೆಗೆ ಹೋಗಲು ಅನುಮತಿ ಸಿಗಲಿಲ್ಲ. ಬಿತ್ತಿದ್ದನ್ನೇ ಬೆಳೆಯುವುದೆಂದು ರೈತನಾದ ಸ್ಮಿತ್‌ಗೆ ತಿಳಿಯದೆ?

ಬೇರೆ ದಾರಿಯೇ ಇರಲಿಲ್ಲವೆಂದರೂ ನಾನು ಒಪ್ಪುವುದಿಲ್ಲ. ಅದೇ ದೇಶದಲ್ಲಿ ಗಾರ್‌ಫೀಲ್ಡ್ ಟಾಡ್ ಎಂಬ ಇನ್ನೊಬ್ಬ ಬಿಳಿಯನಿದ್ದರು. ನ್ಯೂಜಿಲೆಂಡಿನಿಂದ ಬಂದ ಮಿಷನರಿ, ದಡಾಯಾ ಎಂಬಲ್ಲಿ ಕರಿಯ ಮಕ್ಕಳಿಗೆ ಶಾಲೆ ನಡೆಸಿದ ಮೇಷ್ಟರು, ದನ ಸಾಕಿದ ರೈತರು, ೧೯೫೩ರಿಂದ ೧೯೫೮ರವರೆಗೆ ಪ್ರಧಾನಿ. ಕರಿಯರಿಗೆ ಶಿಕ್ಷಣವನ್ನೂ ಮತದ ಹಕ್ಕನ್ನೂ ವಿಸ್ತರಿಸಲು ಹೊರಟಿದ್ದಕ್ಕೆ ಸ್ವಂತ ಸಂಪುಟವೇ ಅವರನ್ನು ಕೆಳಗಿಳಿಸಿತು. ೧೯೬೫ರಲ್ಲಿ ಸ್ಮಿತ್ ಸರ್ಕಾರ ಅವರನ್ನು ಅವರದೇ ಜಮೀನಿನಲ್ಲಿ ನಿರ್ಬಂಧದಲ್ಲಿರಿಸಿತು. ೧೯೭೨ರಲ್ಲಿ ಮಗಳೊಡನೆ ಸೆರೆಗೆ ಹಾಕಿತು. ಮುಂದೆ ೨೦೦೨ರಲ್ಲಿ ತೊಂಬತ್ತು ದಾಟಿದ ಅವರ ಪೌರತ್ವವನ್ನೇ ಮುಗಾಬೆ ಸರ್ಕಾರ ಕಿತ್ತುಕೊಂಡಿತು. ಇಬ್ಬರು ಒಡೆಯರಿಗೂ ಬೇಡವಾದ ಈ ಮೇಷ್ಟರ ಚಿತ್ರವನ್ನು ಮೊಬೈಲಿನಲ್ಲಿ ಯಾರೂ ಕಳುಹಿಸುವುದಿಲ್ಲ. ಸ್ಮಿತ್‌ನ ಮುಂದಿನ ಬದುಕಿನ ಬಗ್ಗೆಯೂ ಹೇಳಬೇಕು. ಕರಿಯರ ಆಡಳಿತದಲ್ಲಿ ಅವನು ೧೯೮೭ರವರೆಗೆ ಸಂಸತ್ತಿನಲ್ಲಿ ಕುಳಿತ, ಸರ್ಕಾರವನ್ನು ಟೀಕಿಸಿದ, ತನ್ನ ಜಮೀನನ್ನು ನೋಡಿಕೊಂಡ. ತನಗೆ ದ್ರೋಹವಾಯಿತೆಂದು ಆತ್ಮಕಥೆ ಬರೆದ. ೨೦೦೭ರ ನವೆಂಬರ್‌ನಲ್ಲಿ ಕೇಪ್‌ಟೌನ್‌ನಲ್ಲಿ ತೀರಿಕೊಂಡ. ಗ್ವೆನೋರೋದಲ್ಲಿ ಅವನ ಚಿತಾಭಸ್ಮ ಚೆಲ್ಲಿದರು.

ಕೊನೆಗೆ ನನ್ನದೊಂದು ನೆನಪು. ಸೇವೆಯಲ್ಲಿದ್ದ ಕಾಲದಲ್ಲಿ ಪ್ರತಿ ಚುನಾವಣೆಯಲ್ಲೂ ಮತಗಟ್ಟೆಯ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಒಮ್ಮೆ ನಮ್ಮೂರಿನ ಪಕ್ಕದ ಹಳ್ಳಿಗೇ ಹಾಕಿದ್ದರು. ಸಹಿ ಬಾರದ ಮುದುಕಿಯೊಬ್ಬಳು ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು, ಮತಪತ್ರವನ್ನು ಮಡಿಸುವ ಬಗೆಯನ್ನು ಎರಡು ಸಲ ಕೇಳಿ ತಿಳಿದುಕೊಂಡು ಒಳಗೆ ಹೋದಳು. ಹೊರಬಂದವಳು, "ಮೇಷ್ಟ್ರೇ, ನನ್ನದೂ ಒಂದೇ, ಗೌಡರದೂ ಒಂದೇ ಅಲ್ವಾ?" ಎಂದು ಕೇಳಿದಳು. "ಒಂದೇ ಅಮ್ಮ" ಎಂದೆ. ಬ್ರಿಟಿಷರ ಕಾಲದಲ್ಲಿ ನಮ್ಮಲ್ಲೂ ಆಸ್ತಿ, ತೆರಿಗೆ, ವಿದ್ಯೆ ಇದ್ದವರಿಗಷ್ಟೇ ಮತವಿತ್ತು. ಅಕ್ಷರ ಬಲ್ಲವರು ಐದರಲ್ಲಿ ಒಬ್ಬರೂ ಇರದ ಕಾಲದಲ್ಲಿ ನಮ್ಮ ಸಂವಿಧಾನ ಆ ಗೋಡೆಯನ್ನು ಒಡೆಯಿತು. ೧೯೫೨ರಲ್ಲಿ ನನ್ನ ತಾಯಿಯೂ ಹೀಗೆಯೇ ಮತ ಹಾಕಿ ಬಂದವಳು. ಅವಳಿಗೆ ಓದು ಬರುತ್ತಿರಲಿಲ್ಲ. ತೆರಿಗೆ ಕಟ್ಟುವಷ್ಟು ಏನೂ ನಮ್ಮ ಮನೆಯಲ್ಲಿರಲಿಲ್ಲ.

ಶಿಷ್ಯನಿಗೆ ನಾನು ಬರೆದ ಉತ್ತರ ಇಷ್ಟೇ: "ಮಗೂ, ರೈತನಿಗೆ ಗೌರವ ಕೊಡು, ಸೈನಿಕನಿಗೆ ನಮಸ್ಕಾರ ಮಾಡು. ಆದರೆ ಅವರಿಬ್ಬರಲ್ಲಿ ಯಾರಾದರೂ ನಿನ್ನನ್ನು ಕೇಳದೆ ನಿನ್ನನ್ನು ಆಳುತ್ತೇನೆಂದರೆ ಒಪ್ಪಬೇಡ. ನೀನು ಹೇಳುವ ಕಾನೂನು ಇದ್ದಿದ್ದರೆ ನಿನ್ನ ಅಜ್ಜಿಗೂ ನನ್ನ ತಾಯಿಗೂ ಮತ ಇರುತ್ತಿರಲಿಲ್ಲ. ಅವರಿಗೆ ಮತವಿಲ್ಲದಿದ್ದರೆ ನಮ್ಮೂರಿಗೆ ಶಾಲೆ ಬರುತ್ತಿತ್ತೇ, ನೀನು ನನ್ನ ಮುಂದೆ ಬಂದು ಕೂರುತ್ತಿದ್ದೆಯೇ, ಯೋಚಿಸು." ಉತ್ತರ ಇನ್ನೂ ಬಂದಿಲ್ಲ. ಓದಿದ್ದಾನೆಂದು ಮಾತ್ರ ಮೊಬೈಲು ತೋರಿಸುತ್ತಿದೆ.